ಪ್ಯೂರಿಫೈಯರ್ ಎಣ್ಣೆನೆಲ್ಲಾ ಸ್ಲಡ್ಜ್ ಟ್ಯಾಂಕಿಗೆ ಬಿಡೋಕೆ ಶುರು ಮಾಡಿದಾಗ

ಹಡಗಲ್ಲಿ ಫೋರ್ತ್ ಎಂಜಿನಿಯರ್ ಆದವನಿಗೆ ಸಾಮಾನ್ಯವಾಗಿ ಪ್ಯೂರಿಫೈಯರ್, ಏರ್ ಕಂಪ್ರೆಸರ್ ಎಲ್ಲಾ ತಲೆಗೆ ಕಟ್ತಾರೆ. ಮೇನ್ ಎಂಜಿನ್ ಬಗ್ಗೆ ಎಲ್ರೂ ಮಾತಾಡೋರೇ, ಆದ್ರೆ ಹೆವಿ ಆಯಿಲಲ್ಲಿರೋ ನೀರು, ಕೆಸರು, ಕ್ಯಾಟ್ ಫೈನ್ಸ್ (ರಿಫೈನರಿಯಿಂದ ಎಣ್ಣೇಲಿ ಉಳಿಯೋ ಗಟ್ಟಿ ಪುಡಿ) ಎಲ್ಲಾ ಬೌಲ್ ಅನ್ನೋ ಪಾತ್ರೇಲಿ ಜೋರಾಗಿ ತಿರುಗ್ಸಿ ತೆಗೆಯೋದು ಪ್ಯೂರಿಫೈಯರ್ ಅನ್ನೋ ಈ ಮಷೀನು, ಇದು ಸರಿಯಾಗಿ ಕೆಲ್ಸ ಮಾಡ್ಲಿಲ್ಲ ಅಂದ್ರೆ ಫ್ಯೂಯಲ್ ಪಂಪು, ಲೈನರ್, ಪಿಸ್ಟನ್ ರಿಂಗು ಎಲ್ಲಾ ಸವೆದು ಕೂರುತ್ತೆ.

ನಮ್ಮದು ಗ್ರಾವಿಟಿ ಡಿಸ್ಕ್ (ಬೌಲೊಳಗೆ ಎಣ್ಣೆ, ನೀರು ಎಲ್ಲಿ ಬೇರೆಯಾಗ್ಬೇಕು ಅಂತ ತೀರ್ಮಾನಿಸೋ ರಿಂಗು) ಹಾಕೋ ಹಳೇ ಟೈಪು. ಹೊಸ ಬಂಕರ್ (ಹಡಗಿಗೆ ತುಂಬ್ಸಿದ ಎಣ್ಣೆ) ಶುರು ಮಾಡಿದ ಮೇಲೆ ಒಂದಿನ ವಾಚಲ್ಲಿ (ಡ್ಯೂಟಿ ಪಾಳೀಲಿ) ಎಣ್ಣೆ ಹೊರಬರೋ ಕಡೆ ಪ್ರೆಶರ್ ಇಳಿದು ಅಲಾರಂ ಬಂತು, ನೋಡಿದ್ರೆ ಕೆಸರು ಸೇರೋ ಸ್ಲಡ್ಜ್ ಟ್ಯಾಂಕ್ ಲೆವೆಲ್ ಏರ್ತಾ ಇದೆ. ಮೋಟರ್‌ಮನ್ ಆಗ್ಲೇ ಟೂಲ್ಸ್ ತಂದು "ಸಾರ್, ಬೌಲ್ ಬಿಚ್ಚೇಬಿಡೋಣ್ವಾ" ಅಂದ. ತಡಿ ಮಾರಾಯ ಅಂದೆ, ಯಾಕಂದ್ರೆ ಇದಕ್ಕೆ ಮುಖ್ಯವಾಗಿ ಎರಡು ಕಾರಣ, ಒಂದು ವಾಟರ್ ಸೀಲ್ (ಎಣ್ಣೆ ನೀರಿನ ದಾರಿಗೆ ಹೋಗ್ದಂಗೆ ತಡೆಯೋ ನೀರಿನ ಪದರ) ಒಡೆದು ನೀರಿನ ದಾರೀಲಿ ಎಣ್ಣೆ ಹೋಗ್ತಿರ್ಬೇಕು, ಇಲ್ಲಾ ಬೌಲೇ ಸರಿಯಾಗಿ ಮುಚ್ಚಿಲ್ಲ. ಮೊದಲನೇದಕ್ಕೆ ಬಿಚ್ಚಿ ಪ್ರಯೋಜನ ಕಮ್ಮಿ, ಟೆಂಪರೇಚರ್, ಫ್ಲೋ, ಡೆನ್ಸಿಟಿ ನೋಡ್ಬೇಕು. ಎಣ್ಣೆ 98 ಡಿಗ್ರಿ ಇತ್ತು, ಸರಿ. ಬಂಕರ್ ನೋಟಲ್ಲಿ ಡೆನ್ಸಿಟಿ ಘನ ಮೀಟರಿಗೆ 991 ಕೆಜಿಗಿಂತ ಕೆಳಗೇ ಇತ್ತು, ಈ ಟೈಪಿಗೆ ಅದೇ ಮಿತಿ. ಎಣ್ಣೆ ಭಾರ ಆದಷ್ಟೂ ಡಿಸ್ಕಿನ ತೂತು ಚಿಕ್ಕದಿರ್ಬೇಕು, ಚಾರ್ಟ್ ನೋಡಿದೆ, ಹಾಕಿರೋದು ಸರಿಯಾಗೇ ಇತ್ತು.

ಆಮೇಲೆ ಫೀಡ್ ನಿಲ್ಸಿ ಬರೀ ಸೀಲಿಂಗ್ ವಾಟರ್ ಬಿಟ್ಟೆ. ಬೌಲ್ ಮುಚ್ಚಿದ್ರೆ ಸ್ವಲ್ಪ ಹೊತ್ತಿಗೆ ವಾಟರ್ ಔಟ್‌ಲೆಟ್ ಸೈಟ್ ಗ್ಲಾಸಲ್ಲಿ ನೀರು ಕಾಣ್ಬೇಕು. ಕಾಣ್ಲೇ ಇಲ್ಲ. ನೀರೆಲ್ಲಾ ಸೀದಾ ಸ್ಲಡ್ಜ್ ಕಡೆ. ಬೌಲ್ ಮುಚ್ಚೋಕೆ ಬಿಡೋ ಆಪರೇಟಿಂಗ್ ವಾಟರ್ ಲೈನಿನ ಸ್ಟ್ರೈನರ್ ತೆಗೆದು ನೋಡಿದ್ರೆ ಅದೂ ಕ್ಲೀನಾಗಿದೆ, ಸಪ್ಲೈ ಪ್ರೆಶರೂ ಇದೆ. ಅಲ್ಲಿಗೆ ಬಿಚ್ಚೋದೇ ಗತಿ ಅಂತಾಯ್ತು.

ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋ ಬೌಲದು, ಪೂರ್ತಿ ನಿಂತಿದ್ದು ಕಣ್ಣಾರೆ ಕಾಣೋವರೆಗೂ ಒಂದು ಬೋಲ್ಟೂ ಮುಟ್ಬಾರ್ದು. ಬೌಲ್ ಮುಚ್ಚಳ ಹಿಡಿದಿಡೋ ಲಾಕ್ ರಿಂಗ್ ಥ್ರೆಡ್ ಉಲ್ಟಾ, ಬಲಕ್ಕೆ ತಿರುಗ್ಸಿದ್ರೆ ಬಿಚ್ಚುತ್ತೆ, ಹೊಸಬ್ರು ಎಡಕ್ಕೆ ಹೊಡೆದು ಹೊಡೆದು ಇನ್ನೂ ಬಿಗಿ ಮಾಡಿಡ್ತಾರೆ. ಒಳಗೆ ಸ್ಲೈಡಿಂಗ್ ಬೌಲ್ (ನೀರಿನ ಒತ್ತಡಕ್ಕೆ ಮೇಲೆದ್ದು ಬೌಲ್ ಮುಚ್ಚೋ ತಳ) ಬಂದು ಒತ್ತೋ ಮೇನ್ ಸೀಲ್ ರಿಂಗ್ ಮೇಲೆ ಉಗುರು ಓಡಿಸ್ದೆ, ಒಂದು ಕಡೆ ಸಿಕ್ಕಾಕ್ಕೊಂತು, ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು, ಕೆಳಗಿನ ನೀರಿನ ನಾಝಲಲ್ಲಿ ಬಿಳೀ ಸ್ಕೇಲ್ ಬೇರೆ. ನಾಝಲ್ ಮೆತ್ತನೆ ತಂತಿ ಹಾಕಿ ಬಿಡ್ಸಿ, ರಿಂಗ್ ಬದಲಾಯ್ಸಿ, ಬೌಲೊಳಗೆ ಒಂದರ ಮೇಲೊಂದು ಪೇರಿಸಿರೋ (ಗ್ರಾವಿಟಿ ಡಿಸ್ಕ್ ಅಲ್ಲ, ಬೇರೆ) ಡಿಸ್ಕ್‌ಗಳನ್ನ ಕ್ಲೀನ್ ಮಾಡಿ ವಾಪಸ್ ಕೂರ್ಸಿದ್ವಿ. ಪಕ್ಕದ ಪ್ಯೂರಿಫೈಯರಿನ ಬೌಲ್ ಪಾರ್ಟ್ಸ್ ಜೊತೆ ಮಾತ್ರ ಬೆರೆಸ್ಬೇಡಿ, ಒಂದೊಂದು ಬೌಲೂ ಒಟ್ಟಿಗೇ ಬ್ಯಾಲೆನ್ಸ್ ಮಾಡಿರೋದು. ಲಾಕ್ ರಿಂಗ್ ಗುರುತು ಸುತ್ತಿಗೆ ಏಟೇ ಇಲ್ದೆ ಕೈಯಲ್ಲೇ ಬಂದು ಕೂತ್ರೆ ಆ ಡಿಸ್ಕ್ ಸ್ಟ್ಯಾಕ್ ಸಡಿಲ ಅಂತ, ಇನ್ನೊಂದು ಡಿಸ್ಕ್ ಸೇರಿಸ್ಬೇಕು.

ಸ್ಟಾರ್ಟ್ ಮಾಡಿ ಆಮ್‌ಮೀಟರ್ ಏರಿ ಇಳಿಯೋವರೆಗೂ, ಅಂದ್ರೆ ಬೌಲ್ ಪೂರ್ತಿ ಸ್ಪೀಡಿಗೆ ಬರೋವರೆಗೂ ಕಾದು ನೀರು ಬಿಟ್ರೆ ಈ ಸಲ ಸೈಟ್ ಗ್ಲಾಸಲ್ಲಿ ಬಂತು, ನಿಧಾನಕ್ಕೆ ಫೀಡ್ ಕೊಟ್ಟೆ, ಪ್ರೆಶರ್ ನಿಂತ್ಕೊಂತು. ಆ ರಿಂಗು ಸ್ಟೋರಲ್ಲಿದ್ದ ಕೊನೇ ಸ್ಪೇರು, ಅವತ್ತೇ ಸೆಕೆಂಡ್ ಎಂಜಿನಿಯರಿಗೆ ಹೇಳಿ ರಿಕ್ವಿಸಿಷನ್ ಹಾಕಿಸ್ದೆ.