ಪದರ ಪೊಲೆಂಟಾ: ಪೂರ್ತಿ ಆರಿದ ಮೇಲೆಯೇ ಜೋಡಿಸಿ
ಉತ್ತರ ಇಟಲಿಯಲ್ಲಿ ಮೆಕ್ಕೆಜೋಳದ ರವೆಯನ್ನು ಗಟ್ಟಿಯಾಗಿ ಬೇಯಿಸಿ, ಚೀಸ್‌ನೊಂದಿಗೆ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿಡುವ ಖಾದ್ಯಕ್ಕೆ ಪೊಲೆಂಟಾ ಪಾಸ್ತಿಚ್ಚಾತಾ ಎನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಬಿಳಿ ಪುಡಿ ಬರೀ ಪಿಷ್ಟವಾದ್ದರಿಂದ ಇದಕ್ಕೆ ಖಂಡಿತ ಒಗ್ಗುವುದಿಲ್ಲ. ಹಳದಿ ಬಣ್ಣದ, ತರಿತರಿಯಾದ ರವೆಯೇ ಬೇಕು.

ಒಂದು ಲೋಟ ರವೆಗೆ 4 ಲೋಟ ನೀರನ್ನು ಉಪ್ಪು ಹಾಕಿ ಕುದಿಸಿ, ರವೆಯನ್ನು ಸಣ್ಣ ಧಾರೆಯಾಗಿ ಸುರಿಯುತ್ತಾ ಗಂಟಾಗದಂತೆ ತಿರುವಿ, ಅದು ಪಾತ್ರೆಯ ಅಂಚು ಬಿಟ್ಟು ಬರುವವರೆಗೆ, ಅಂದರೆ ಸುಮಾರು 40 ನಿಮಿಷ, ಸಣ್ಣ ಉರಿಯಲ್ಲಿ ಬೇಯಿಸಬೇಕು. ರಾಗಿ ಮುದ್ದೆ ತಿರುವಿದ ಕೈಗೆ ಈ ಹದ ಬೇಗ ತಿಳಿಯುತ್ತದೆ. ಬಳಿಕ ಬೆಣ್ಣೆ ಸವರಿದ ತಟ್ಟೆಯಲ್ಲಿ ಹರಡಿ, ಪೂರ್ತಿ ಆರಲು ಬಿಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಈ ತಾಳ್ಮೆಯೇ, ಏಕೆಂದರೆ ಬಿಸಿಯಿರುವಾಗಲೇ ಜೋಡಿಸಿದರೆ ಪದರಗಳು ಒಂದಕ್ಕೊಂದು ಬೆರೆತು, ಕತ್ತರಿಸುವಾಗ ಕುಸಿಯುತ್ತವೆ.

ಆರಿದ್ದನ್ನು ಬೆರಳು ದಪ್ಪದ ಹೋಳುಗಳಾಗಿ ಕೊಯ್ದು, ನಡುನಡುವೆ ಫೊಂಟಿನಾ ಚೀಸ್, ಅದು ಸಿಗದಿದ್ದರೆ ಮೊಝರೆಲ್ಲಾ, ಹರಡಿ. ಮೇಲೆ ತುರಿದ ಪಾರ್ಮೆಜಾನ್ ಚೀಸ್ ಮತ್ತು ಬೆಣ್ಣೆಯ ಚೂರುಗಳನ್ನು ಹಾಕಿ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 25 ನಿಮಿಷಕ್ಕೆ ಅಂಚಿನಲ್ಲಿ ಚೀಸ್ ಗುಳ್ಳೆಯೇಳುತ್ತಾ ಮೇಲ್ಭಾಗ ಹೊಂಬಣ್ಣಕ್ಕೆ ತಿರುಗುತ್ತದೆ. ಹೊರತೆಗೆದ 10 ನಿಮಿಷಗಳ ನಂತರವೇ ಕತ್ತರಿಸಿ.