ಮೊಡವೆ ಚಿಕಿತ್ಸೆಯ ಮೊದಲ ಮೂರು ತಿಂಗಳು

ಚರ್ಮರೋಗ ವೈದ್ಯೆಯಾದ ನನ್ನ ಬಳಿಗೆ ಮೊಡವೆಯೆಂದು ಬರುವವರಲ್ಲಿ ಹೆಚ್ಚಿನವರು ಆಗಲೇ ಯಾವುದೋ ಮುಲಾಮು ಹಚ್ಚಿ, ಎರಡು ವಾರದಲ್ಲಿ ಗುಣ ಕಾಣದೆ ಬಿಟ್ಟವರು. ಆದ್ದರಿಂದ ಔಷಧಿ ಬರೆಯುವ ಮೊದಲು ಮೊಡವೆ ಹುಟ್ಟುವ ಬಗೆಯನ್ನು ವಿವರಿಸುವುದು ನನ್ನ ರೂಢಿ. ಹರೆಯದ ಹಾರ್ಮೋನುಗಳಿಂದ ಚರ್ಮದ ತೈಲಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಆ ಜಿಡ್ಡಿನೊಡನೆ ಸತ್ತ ಜೀವಕೋಶಗಳು ಸೇರಿ ಕೂದಲ ಬುಡದ ರಂಧ್ರದಲ್ಲಿ ಬಿರಡೆಯಂತೆ ಕೂರುತ್ತವೆ. ಅಲ್ಲೇ ವಾಸಿಸುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿ ಉರಿಯೂತವಾಗುತ್ತದೆ. ಇಂದು ಕನ್ನಡಿಯಲ್ಲಿ ಕಾಣುವ ಗುಳ್ಳೆ ವಾರಗಳ ಹಿಂದೆಯೇ ಕಟ್ಟಿಕೊಂಡ ರಂಧ್ರದ್ದು. ಇಷ್ಟು ತಿಳಿದವರಿಗೆ, ಚಿಕಿತ್ಸೆಯ ಫಲ ಕಾಣಲು 8ರಿಂದ 12 ವಾರ ಬೇಕೆಂಬ ಮಾತು ನೆಪವಾಗಿ ಕೇಳುವುದಿಲ್ಲ.

ಸಾಧಾರಣ ಮೊಡವೆಗೆ ನಾನು ರಾತ್ರಿ ಶೇ. 0.1ರ ಅಡಾಪಲೀನ್, ಬೆಳಿಗ್ಗೆ ಶೇ. 2.5ರ ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಹಚ್ಚುವ ಮುಲಾಮುಗಳನ್ನು ಬರೆಯುತ್ತೇನೆ. ಹಚ್ಚುವ ಕ್ರಮವನ್ನು ಬಾಯಲ್ಲಿ ಹೇಳಿದರೆ ಸಾಲದು. ಬಟಾಣಿ ಕಾಳಿನಷ್ಟು ಮುಲಾಮನ್ನು ಅವರ ಬೆರಳ ತುದಿಗೇ ಹಾಕಿ, ಹಣೆ, ಎರಡು ಕೆನ್ನೆ, ಮೂಗು, ಗಲ್ಲಕ್ಕೆ ಒಂದೊಂದು ಚುಕ್ಕೆ ಇಡಿಸಿ, ಕಣ್ಣು, ತುಟಿ ಮತ್ತು ಮೂಗಿನ ಸಂದು ಬಿಟ್ಟು ಮುಖವಿಡೀ ತೆಳುವಾಗಿ ಸವರಿಸುತ್ತೇನೆ; ಗುಳ್ಳೆಯ ಮೇಲಷ್ಟೇ ಹಚ್ಚಿದರೆ ಮುಂದೆ ಏಳಲಿರುವವನ್ನು ತಡೆದಂತಾಗುವುದಿಲ್ಲ. ಆರಂಭದಲ್ಲಿ ರಾತ್ರಿ ಬಿಟ್ಟು ರಾತ್ರಿ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಬಳಸಿದರೆ ಉರಿ ಮತ್ತು ಸಿಪ್ಪೆ ಏಳುವುದು ಸಹಿಸುವಷ್ಟಕ್ಕೆ ಇಳಿಯುತ್ತದೆ. ನಮ್ಮ ಮೈಬಣ್ಣದಲ್ಲಿ ಮೊಡವೆ ಮಾಗಿದ ಜಾಗ ಬಹುಕಾಲ ಕಪ್ಪಾಗಿ ಉಳಿಯುವುದರಿಂದ ಹಗಲು ಸನ್‌ಸ್ಕ್ರೀನ್ ಬೇಕು. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದಾದ್ದರಿಂದ ಬಿಳಿ ಟವೆಲ್ ಬಳಸುವಂತೆಯೂ ಹೇಳುತ್ತೇನೆ.

ಕೀವು ತುಂಬಿದ ಗುಳ್ಳೆಗಳು ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆಯನ್ನು ಸೇರಿಸಿ, ಸುಮಾರು ಮೂರು ತಿಂಗಳೊಳಗೆ ನಿಲ್ಲಿಸುತ್ತೇನೆ. ಆಂಟಿಬಯಾಟಿಕ್ ಒಂದನ್ನೇ ನೆಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಗಂಟುಗಳೆದ್ದು ಗುಳಿ ಬೀಳುತ್ತಿರುವ ಮುಖಕ್ಕೆ ಮಾತ್ರ ಕಾಯಬಾರದು, ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಬೇಕು. ಅದು ಗರ್ಭಸ್ಥ ಶಿಶುವಿಗೆ ತೀವ್ರ ಹಾನಿ ಮಾಡುವ ಔಷಧಿ. ಮಾತ್ರೆ ನುಂಗುವಷ್ಟು ಕಾಲ ಮತ್ತು ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲಬಾರದೆಂಬುದನ್ನು ಮದುವೆಯಾಗಿರಲಿ, ಆಗದಿರಲಿ, ಪ್ರತಿ ಯುವತಿಗೂ ಪ್ರತ್ಯೇಕವಾಗಿ ಕೂರಿಸಿ ಹೇಳುತ್ತೇನೆ. ಯಕೃತ್ತಿನ ಮತ್ತು ಕೊಬ್ಬಿನಂಶದ ರಕ್ತಪರೀಕ್ಷೆ ಮಾಡಿಸುತ್ತೇನೆ. ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲು ಬೆಳೆಯುತ್ತಿದ್ದರೆ ಪಿಸಿಓಎಸ್ (ಹೆಂಗಸರಲ್ಲಿ ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇದೆಯೇ ಎಂದು ನೋಡುತ್ತೇನೆ. ಮೈಗೆ ಉಷ್ಣವಾಗಿದೆಯೆಂದು ತಾಯಂದಿರು ನಿಂಬೆರಸ, ಟೂತ್‌ಪೇಸ್ಟ್ ಹಚ್ಚಿಸಿರುತ್ತಾರೆ. ಅವರನ್ನು ಗದರಿಸದೆ ಅದನ್ನು ಬಿಡಿಸುತ್ತೇನೆ.

ನನಗೆ ನಿಜಕ್ಕೂ ಸಂಕಟವಾಗುವುದು ಸ್ಟೀರಾಯ್ಡ್ ಮುಲಾಮಿನಿಂದ ಹಾಳಾದ ಮುಖಗಳನ್ನು ಕಂಡಾಗ. ಬಿಟಾಮೆಥಾಸೋನ್, ಕ್ಲೋಬೆಟಸಾಲ್ ಇರುವ ಟ್ಯೂಬು ಚೀಟಿಯಿಲ್ಲದೆ ಕೈಗೆ ಸಿಕ್ಕಿರುತ್ತದೆ, ಮೊದಮೊದಲು ಮುಖ ಬೆಳ್ಳಗೆ ನುಣುಪಾಗುತ್ತದೆ, ಬಳಿಕ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಂಡು ಮೊಡವೆ ಇಮ್ಮಡಿಸುತ್ತದೆ. ನಿಲ್ಲಿಸಿದೊಡನೆ ಮುಖ ಇನ್ನಷ್ಟು ಕೆಂಪೇರಿ ಉರಿಯುವುದರಿಂದ ಅವರು ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆಂದು ಮೊದಲೇ ಹೇಳಿ, ಆ ಅವಧಿಯಲ್ಲಿ ಬೇಗ ಬೇಗ ಕರೆಸಿಕೊಳ್ಳುತ್ತೇನೆ. ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ತರಿಸಿ, ಹೆಸರುಗಳನ್ನು ಅವರಿಂದಲೇ ಓದಿಸುತ್ತೇನೆ.