ಮಕ್ಕಳ ಪಕ್ಕ ಕೂತು ಎಲೆಕ್ಟ್ರಾನಿಕ್ಸ್: ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದ ಮನೆಯವರಿಗೆ

ರೈಲ್ವೆ, ಹೈಕೋರ್ಟ್ ಪೀಠ, ಐಐಟಿ, ಬ್ಯಾಂಕು ಅಂತ ವರ್ಗವಾಗಿ ಬಂದವರು ಬಾಡಿಗೆ ಮನೆ, ಶಾಲೆ, ಗ್ಯಾಸು ಎಲ್ಲ ಮುಗಿದ ಮೇಲೆ ನಮ್ಮ ಸಂಘದಲ್ಲಿ ಕೇಳುವುದು ಇದನ್ನೇ: ಮಕ್ಕಳಿಗೆ ಕೋಡಿಂಗ್, ರೋಬೋಟಿಕ್ಸ್ ಕಲಿಸುವವರು ಇದ್ದಾರಾ? ಇದ್ದಾರೆ. ಆದರೆ ಮಗುವನ್ನು ಒಳಗೆ ಬಿಟ್ಟು ಹೊರಗೆ ಮೊಬೈಲ್ ನೋಡುತ್ತ ಕೂರುವ ಕ್ಲಾಸಿಗಿಂತ, ನೀವೂ ಪಕ್ಕದಲ್ಲಿ ಕೂತು ಕೈ ಹಾಕಬಹುದಾದ ಕಾರ್ಯಾಗಾರ ಹುಡುಕಿ.

ಒಂದು ಭಾನುವಾರ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ನೋಡಿ ಬನ್ನಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಹುಬ್ಬಳ್ಳಿಯಿಂದ ಚಿಗರಿ (ಅವಳಿ ನಗರದ ಬಿಆರ್‌ಟಿಎಸ್) ಬಸ್ಸು ಹತ್ತಿ, ಧಾರವಾಡದಲ್ಲಿ ಇಳಿದು ಆಟೋ ಹಿಡಿಯಿರಿ. ಚಿಗರಿಗೆ ಟಿಕೆಟ್ ನಿಲ್ದಾಣದಲ್ಲೇ ತಗೋಬೇಕು. ಮುಂದಿನ ಶಿಬಿರ ಯಾವಾಗ, ಪಾಲಕರನ್ನೂ ಸೇರಿಸಿಕೊಳ್ಳುತ್ತಾರಾ ಅಂತ ಅಲ್ಲೇ ವಿಚಾರಿಸಿ. ಏಪ್ರಿಲ್-ಮೇ ರಜೆಯಲ್ಲಿ ಊರ ತುಂಬ ಬೇಸಿಗೆ ಶಿಬಿರಗಳು. ದಸರಾ ರಜೆಯಲ್ಲೂ ಕೇಳಿ ನೋಡಿ.

ಮಗುವಿನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ಅನ್ನುವುದನ್ನೂ ಕೇಳಿ. ನೀತಿ ಆಯೋಗದ ಈ ಯೋಜನೆ 2016ರದ್ದು, 6ರಿಂದ 12ನೇ ತರಗತಿಯವರಿಗೆ. ಲ್ಯಾಬಿಗೆ ಬೀಗ ಬಿದ್ದಿದ್ದರೆ ಪಾಲಕರ ಸಭೆಯಲ್ಲಿ ಎತ್ತಿ. ಸಾಮಾನು ಬಂದು ಡಬ್ಬಿಯಲ್ಲೇ ಕೂತರೆ ಏನು ಉಪಯೋಗ?

ಖಾಸಗಿ ಕ್ಲಾಸಿಗೆ ದುಡ್ಡು ಕಟ್ಟುವ ಮುನ್ನ ಒಂದು ತಾಸು ಒಳಗೆ ಕೂತು ನೋಡಲು ಬಿಡಿ ಅನ್ನಿ. ಒಂದು ಕಿಟ್ ಮುಂದೆ ಎಷ್ಟು ಮಕ್ಕಳಿದ್ದಾರೆ ಎಣಿಸಿ. ಇಬ್ಬರಾದರೆ ಸರಿ. ಐದಾರು ಮಂದಿ ಆದರೆ ಒಬ್ಬ ಮಾಡುತ್ತಾನೆ, ಉಳಿದವರು ನೋಡುತ್ತಾರೆ, ಹೆಣ್ಣುಮಕ್ಕಳು ಬಹಳ ಸಲ ನೋಟ್ಸ್ ಬರೆಯುತ್ತಾರೆ. ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಮಾತಾಡುವ ಕಡೆ ನಾವಂತೂ ಯಾರನ್ನೂ ಕಳಿಸುವುದಿಲ್ಲ. ಎಂಟು ವರ್ಷದೊಳಗಿನ ಮಗುವಿಗೆ ಕೋಡಿಂಗ್ ಅಂತ ಸಾವಿರಾರು ರೂಪಾಯಿ ಸುರಿಯುವುದೂ ಬೇಡ. ಬಣ್ಣದ ತುಂಡು ಜೋಡಿಸಿ ಕೋಡಿಂಗ್ ಮಾಡುವ ಸ್ಕ್ರ್ಯಾಚ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಮನೆಯಲ್ಲೇ ಆಡಲಿ.

ಕಾರ್ಯಾಗಾರಕ್ಕೆ ಹೋಗುವ ಹಿಂದಿನ ರಾತ್ರಿ ಲ್ಯಾಪ್‌ಟಾಪಿಗೆ ಆರ್ಡುಯಿನೋ (ಪ್ರೋಗ್ರಾಂ ಹಾಕಿ ದೀಪ, ಮೋಟರು ನಡೆಸುವ ಪುಟ್ಟ ಬೋರ್ಡು) ಸಾಫ್ಟ್‌ವೇರ್ ಹಾಕಿಕೊಂಡುಬಿಡಿ. ಅದರ ಊನೋ ಅನ್ನುವ ಮಾದರಿಯ ಅಗ್ಗದ ಬೋರ್ಡುಗಳಲ್ಲಿ ಹೆಚ್ಚಾಗಿ ಸಿಎಚ್340 ಅನ್ನುವ ಚಿಪ್ ಇರುತ್ತದೆ. ಅದರ ಡ್ರೈವರ್ (ಚಿಪ್ಪನ್ನು ಗುರುತಿಸಲು ಹಾಕುವ ಸಣ್ಣ ಸಾಫ್ಟ್‌ವೇರ್) ಇಲ್ಲದಿದ್ದರೆ ಕೆಲವು ಲ್ಯಾಪ್‌ಟಾಪ್‌ಗೆ ಬೋರ್ಡು ಕಾಣಿಸುವುದೇ ಇಲ್ಲ. ಇನ್ನೊಂದು ಕಿರಿಕಿರಿ ಕೇಬಲ್‌ದು. ಮೊಬೈಲ್ ಚಾರ್ಜರಿನ ಕೆಲವು ಕೇಬಲ್‌ಗಳಲ್ಲಿ ಕರೆಂಟು ಮಾತ್ರ ಹೋಗುತ್ತದೆ, ಡೇಟಾ ಹೋಗುವುದಿಲ್ಲ. ಬೋರ್ಡಿನ ದೀಪ ಹತ್ತುತ್ತದೆ, ಪ್ರೋಗ್ರಾಂ ಮಾತ್ರ ಏರುವುದಿಲ್ಲ. ಬೋರ್ಡು ಸುಟ್ಟಿದೆ ಅಂತ ಬೈಯುವ ಮೊದಲು ಕೇಬಲ್ ಬದಲಿಸಿ. ಎಲ್‌ಇಡಿ ಹತ್ತದಿದ್ದರೆ ತಿರುಗಿಸಿ ಹಾಕಿ: ಉದ್ದ ಕಾಲು ಪ್ಲಸ್. ಜೊತೆಗೆ ಕರೆಂಟು ಮಿತಿಯಲ್ಲಿಡಲು 220 ಓಮ್‌ನ ರೆಸಿಸ್ಟರ್ ಇರಲೇಬೇಕು.

ದೀಪ ಮಿನುಗಿಸುವುದು ಮುಗಿದ ಮೇಲೆ ಏನು ಮಾಡಿಸಲಿ ಅಂದರೆ, ನಮ್ಮ ಉತ್ತರ ಎರೆಮಣ್ಣು. ಕುಂಡದ ಮಣ್ಣಿಗೆ ಎರಡು ಮೊಳೆ ಚುಚ್ಚಿ. ಒಂದು ಮೊಳೆ ಬೋರ್ಡಿನ 5 ವೋಲ್ಟ್ ಪಿನ್ನಿಗೆ. ಇನ್ನೊಂದು ಅಳತೆಯ ಎ0 ಪಿನ್ನಿಗೆ, ಅದರಿಂದಲೇ 10 ಸಾವಿರ ಓಮ್‌ನ ರೆಸಿಸ್ಟರ್ ಮೂಲಕ ಬೋರ್ಡಿನ ಗ್ರೌಂಡ್ (ಜಿಎನ್‌ಡಿ) ಪಿನ್ನಿಗೂ ಒಂದು ದಾರಿ. ಊನೋ 0ರಿಂದ 1023ರ ನಡುವೆ ಒಂದು ಸಂಖ್ಯೆ ತೋರಿಸುತ್ತದೆ. ನೀರು ಹಾಕಿ, ಸಂಖ್ಯೆ ಏರುತ್ತದೆ. ಮಣ್ಣು ಒಣಗುತ್ತ ಹೋದಂತೆ ಇಳಿಯುತ್ತದೆ. ಯಾವ ಸಂಖ್ಯೆಗೆ ನೀರು ಹಾಕಬೇಕು ಅನ್ನುವುದನ್ನು ಮಗುವೇ ತೀರ್ಮಾನಿಸಲಿ. ಕೋಡಿಂಗ್‌ನಲ್ಲಿ ‘ಇಫ್’ (ಹೀಗಾದರೆ ಹೀಗೆ ಮಾಡು) ಅಂದರೆ ಏನು ಅಂತ ಬೇರೆ ಪಾಠ ಬೇಕಾಗುವುದಿಲ್ಲ. ಸದಾ ಕರೆಂಟು ಹರಿಯುತ್ತಿದ್ದರೆ ಮೊಳೆ ಬೇಗ ತುಕ್ಕು ತಿನ್ನುತ್ತದೆ, ಅಳೆಯುವಾಗ ಮಾತ್ರ ಕೊಡಿ. ಅಜ್ಜಿಯರು ಈ ಪ್ರಯೋಗಕ್ಕೆ ಒಳ್ಳೆಯ ಜೊತೆ. ಮಣ್ಣಿನ ಹಸಿ ಎಷ್ಟಿದೆ ಅಂತ ಬೆರಳಲ್ಲೇ ಹೇಳಿ ಯಂತ್ರದ ಜೊತೆ ಪಂದ್ಯ ಕಟ್ಟುತ್ತಾರೆ!

ಬಿಡಿಭಾಗ ಅಂಟಿಸುವ ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) 300 ಡಿಗ್ರಿ ದಾಟುತ್ತದೆ. ಕಿಟಕಿ ತೆಗೆದಿಡಿ, ಮಗುವಿನ ಕೈಯಲ್ಲಿ ಕಡ್ಡಿ ಇದ್ದಾಗ ನೀವು ಎದ್ದು ಹೋಗಬೇಡಿ. ಬೆಸುಗೆ ತಂತಿಯಲ್ಲಿ ಸೀಸ ಇರಬಹುದು, ಹಾಗಾಗಿ ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ತಿಂಡಿ. ಗೋಡೆಯ 230 ವೋಲ್ಟ್ ಪ್ಲಗ್ಗಿಗೆ ಮಕ್ಕಳ ಪ್ರಯೋಗ ಜೋಡಿಸಲೇಬೇಡಿ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಬಿಲ್ಲೆ ಬ್ಯಾಟರಿಯ ಬಗ್ಗೆ. ಸಣ್ಣ ಮಗು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಭಾಷೆಯ ಚಿಂತೆ ಬೇಡ. ‘ಸರ್, ಇದ್ಯಾಕ ಹತ್ತವಲ್ದು?’ ಅಂತ ಮಗು ಕೇಳಿದರೆ ಸಾಕು, ಪಕ್ಕದ ಮೇಜಿನವರೂ ಎದ್ದು ಬರುತ್ತಾರೆ. ಬಿಡಿಭಾಗಗಳಿಗೆ ಮೊದಲು ಹಳೆಯ ರೇಡಿಯೋ-ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ. ಮನೆಯಲ್ಲಿ ಕೆಟ್ಟು ಬಿದ್ದ ರಿಮೋಟು, ಆಟಿಕೆ ಕಾರು ಇದ್ದರೆ ಬ್ಯಾಟರಿ ತೆಗೆದು ಚೀಲದಲ್ಲಿ ಹಾಕಿಕೊಂಡು ಹೋಗಿ, ಕಾರ್ಯಾಗಾರದಲ್ಲಿ ಬಿಚ್ಚಿ ನೋಡಲು ಬೇಕಾಗುತ್ತವೆ.